ಕತ್ತಲೆ ಬದಿಯ ಪ್ರೇಕ್ಷಕರು

ಕ್ಯಾಮೆರಾಕ್ಕೆ ಬೆನ್ನು ಹಾಕಬಾರದು. ಟಿವಿ ಕುಸ್ತಿಯಲ್ಲಿ ಇದು ಮೊದಲ ಪಾಠ. ನೆಲಕ್ಕೆ ಬಿದ್ದರೂ ಮುಖ ಕ್ಯಾಮೆರಾದ ಕಡೆಗೇ ಇರುವಂತೆ ಬೀಳಬೇಕು. ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವನು ನಾನು. ಒಂದು ಶುಕ್ರವಾರ ಮಧ್ಯಾಹ್ನ, ದುಬೈನ ಅಲ್ ಕೂಸ್‌ನ ಗೋದಾಮಿನಲ್ಲಿ ರೆಕಾರ್ಡಿಂಗ್ ನಡೆಯುತ್ತಿದ್ದಾಗ, ನಾನೇ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತೆ.

ನನ್ನ ಕಾಯಿಲೆ ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಶುರುವಾಗಿತ್ತಂತೆ. ನನಗೆ ಅದು ಮುಖ ತೋರಿಸಿದ್ದು ಅಂದು.

ನಮ್ಮ ಗೋದಾಮಿನ ಲೆಕ್ಕಾಚಾರವನ್ನು ಮೊದಲು ಹೇಳಬೇಕು. ನಡುವೆ ರಿಂಗ್. ಒಂದು ಬದಿಯಲ್ಲಿ ಕ್ಯಾಮೆರಾದ ಕಟ್ಟೆ. ಅದರ ಎಡಬಲದ ಎರಡು ಬದಿಗಳಲ್ಲಿ ಪ್ರೇಕ್ಷಕರು. ಟಿಕೆಟ್ ಕೊಂಡು ಬರುವವರು ಕಡಿಮೆ. ಲೇಬರ್ ಕ್ಯಾಂಪ್‌ಗಳಿಂದ ಬಸ್ಸಿನಲ್ಲಿ ಜನರನ್ನು ಕರೆತಂದು, ಬಿರಿಯಾನಿ ಪೊಟ್ಟಣ ಕೊಟ್ಟು ಕೂರಿಸುತ್ತಿದ್ದರು. ಕುರ್ಚಿ ಖಾಲಿ ಕಂಡರೆ ಫ್ಲೋರ್ ಮ್ಯಾನೇಜರ್ ಓಡಿಬಂದು ಹಿಂದಿನವರನ್ನು ಎಬ್ಬಿಸಿ ಮುಂದಕ್ಕೆ ತುಂಬುತ್ತಿದ್ದ. ಟಿವಿಯಲ್ಲಿ ಖಾಲಿ ಕುರ್ಚಿಯಷ್ಟು ಕೆಟ್ಟದ್ದು ಬೇರೆ ಇಲ್ಲ.

ನಾಲ್ಕನೆಯ ಬದಿಯಲ್ಲಿ ಯಾರೂ ಇಲ್ಲ. ಅಲ್ಲಿ ಗೋದಾಮಿನ ಶಟರ್ ಇತ್ತು. ಅದರ ಮುಂದೆ ಕಪ್ಪು ಬಟ್ಟೆ ಇಳಿಬಿಟ್ಟು, ಹಳೆಯ ಕಬ್ಬಿಣದ ಮೆಟ್ಟಿಲು ಗ್ಯಾಲರಿಯೊಂದನ್ನು ಹಾಗೆಯೇ ಬಿಟ್ಟಿದ್ದರು. ಮೇಲೆ ವೈರಿನ ಸುರುಳಿಗಳು, ಡಬ್ಬಗಳು. ದೀಪ ಹಾಕುತ್ತಿರಲಿಲ್ಲ. ನಾವು ಅದನ್ನು ಕತ್ತಲೆ ಬದಿ ಎನ್ನುತ್ತಿದ್ದೆವು. ಕ್ಯಾಮೆರಾ ನೋಡಬಾರದ್ದೆಲ್ಲ ಆ ಕಡೆಗೆ. ಎದುರಾಳಿಯ ಕುತ್ತಿಗೆಯ ಅಡಿಗೆ ಕೊಡುವ ಅಂಗೈ, ಮುಂದಿನ ಪಟ್ಟು ಯಾವುದೆಂಬ ಪಿಸುಮಾತು, ಒಂದು ಗುಟುಕು ಉಸಿರು. ನಮ್ಮ ಕಸುಬಿನ ನಿಜವೆಲ್ಲ ಆ ಖಾಲಿ ಮೆಟ್ಟಿಲುಗಳ ಎದುರಿಗೇ ನಡೆಯುತ್ತಿತ್ತು.

ಅಂದು ಎದುರಾಳಿ ರಫೀಕನನ್ನು ಹೆಗಲ ಮೇಲೆ ಅಡ್ಡ ಹೊತ್ತು ಗಿರಗಿರ ತಿರುಗಿಸಿ ಇಳಿಸಿದೆ. ಅದು ನನ್ನ ಪಟ್ಟು. ಸೋಲುವ ಮುಂಚೆ ನನಗೆ ಸಿಗುತ್ತಿದ್ದ ಒಂದೇ ಮೆರೆದಾಟ. ಇಳಿಸಿ ತಲೆ ಎತ್ತಿದೆ.

ಕತ್ತಲೆ ಬದಿ ತುಂಬಿತ್ತು.

ಮೆಟ್ಟಿಲಿಂದ ಮೆಟ್ಟಿಲಿಗೆ ಸಾಲಾಗಿ ಜನ. ಗಂಡಸರು, ಹೆಂಗಸರು. ಎಲ್ಲರ ಮೈಮೇಲೂ ಮಾಸಲು ಬಿಳಿ ಬಟ್ಟೆ. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ. ಕೊನೆಗೂ ನಿರ್ಮಾಪಕ ದುಡ್ಡು ಬಿಚ್ಚಿ ಆ ಬದಿಗೂ ಜನ ತಂದನಲ್ಲ ಎಂದುಕೊಂಡೆ. ಅಷ್ಟು ವರ್ಷ ಖಾಲಿಯಿದ್ದ ಜಾಗ. ಮರ್ಯಾದೆ ಮಾಡಬೇಡವೇ? ಅವರತ್ತ ತಿರುಗಿ, ತೋಳೆರಡನ್ನೂ ಎತ್ತಿ, ಖಳನಾಯಕ ಮಾಡಬೇಕಾದಂತೆ ಹಲ್ಲು ಕಿರಿದೆ. ಬೈಯಲಿ ಎಂದು ಕಾದೆ.

ಯಾರೂ ಬೈಯಲಿಲ್ಲ. ಯಾರೂ ಅಲುಗಲಿಲ್ಲ.

"ಮಾಸ್ಟರ್! ಕ್ಯಾಮೆರಾ! ಕ್ಯಾಮೆರಾ, ಹಬೀಬಿ!" ನಿರ್ಮಾಪಕ ಎಲಿ ಕೂಗುತ್ತಿದ್ದ. ಲೆಬನಾನಿನವನು, ಕೂಗುವುದೇ ಅವನ ಮಾತು. ನನ್ನ ಕಾಲ ಬಳಿ ಬಿದ್ದಿದ್ದ ರಫೀಕ ತುಟಿ ಅಲುಗಿಸದೆ ಹೇಳಿದ: "ಅಣ್ಣಾ, ಎಂತ ಮಾಡ್ತಿದ್ದೀರಿ? ಅಲ್ಲಿ ಯಾರಿಲ್ಲ."

ಪಂದ್ಯ ಮುಗಿದ ಮೇಲೆ ಬಟ್ಟೆ ಬದಲಿಸುವ ಮುಂಚೆ ಆ ಗ್ಯಾಲರಿಯ ಹತ್ತಿರ ಹೋದೆ. ಮೆಟ್ಟಿಲ ಮೇಲೆ ಕೈ ಆಡಿಸಿದೆ. ಮರಳಿನ ಧೂಳು ಪದರವಾಗಿ ಕೂತಿತ್ತು. ಅದರ ಮೇಲೆ ಕೂತವರ ಗುರುತು ಒಂದೂ ಇರಲಿಲ್ಲ. ನನ್ನ ಬೆರಳ ಗೆರೆ ಮಾತ್ರ.

ನಾನು ವಾಮನ. ಮಂಗಳೂರಿನ ವ್ಯಾಯಾಮ ಶಾಲೆಯೊಂದರಲ್ಲಿ ಬೆಳೆದವನು. ಅಲ್ಲಿ ಗುರುಗಳು ಹೇಳಿದ್ದೇ ಗಡಿಯಾರ. ಬೆಳಕು ಹರಿಯುವ ಮುಂಚೆ ಏಳುವುದು, ತಣ್ಣೀರು, ದಂಡ, ಬೈಠಕ್, ಕೊನೆಗೆ ಶೀರ್ಷಾಸನ. ಜ್ವರ ಬಂದರೂ ತಪ್ಪಿಸುವಂತಿಲ್ಲ. ದುಬೈಗೆ ಬಂದು ಅರ್ಧ ಆಯುಷ್ಯ ಕಳೆದರೂ ಆ ಕ್ರಮ ಬಿಡಲಿಲ್ಲ. ವಾರವಿಡೀ ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದ ಜಿಮ್‌ನಲ್ಲಿ ತರಬೇತುದಾರ. ಶುಕ್ರವಾರ ಕುಸ್ತಿ. ಉಪಗ್ರಹ ಚಾನೆಲ್‌ಗಳಲ್ಲಿ ಬರುತ್ತಿದ್ದ, ಊರಿನವರು ಫ್ರೀಸ್ಟೈಲ್ ಎನ್ನುತ್ತಿದ್ದ ಆ ಆಟದಲ್ಲಿ ಮುಖವಾಡ ಹಾಕಿ ಕಡಲ್ಗಳ್ಳನಾದೆ, ಬಣ್ಣ ಬಳಿದು ಸ್ಮಶಾನದ ಕಾವಲುಗಾರನಾದೆ, ಗಡ್ಡ ಅಂಟಿಸಿ ಯಾವುದೋ ಬೆಟ್ಟದ ದೊರೆಯಾದೆ. ಎಲ್ಲ ವೇಷದಲ್ಲೂ ಸೋತೆ. ಸೋಲುವುದೇ ನನ್ನ ಕೆಲಸ. ಅದರ ಬಗ್ಗೆ ಬೇಸರವಿಲ್ಲ. ಗೆಲ್ಲುವವನನ್ನು ಚೆಂದ ಕಾಣಿಸಬೇಕಾದರೆ ಸೋಲುವವನಿಗೆ ಕೆಲಸ ಗೊತ್ತಿರಬೇಕು.

ಅರವತ್ತು ಹತ್ತಿರವಾದರೂ ನನ್ನನ್ನು ಇಟ್ಟುಕೊಂಡಿದ್ದಕ್ಕೆ ಒಂದೇ ಕಾರಣ. ನನ್ನ ಕೈಯಲ್ಲಿ ಯಾರಿಗೂ ಏಟಾದದ್ದಿಲ್ಲ. ಹೊಸಬ ಬಂದರೆ ಮೊದಲ ಪಂದ್ಯ ನನ್ನ ಜೊತೆ. "ಮಾಸ್ಟರ್ ಕೈಗೆ ಕುತ್ತಿಗೆ ಕೊಟ್ಟು ನಿದ್ದೆ ಮಾಡಬಹುದು" ಎಂದು ಹುಡುಗರು ಹೇಳುತ್ತಿದ್ದರು. ನನಗೆ ಸಿಕ್ಕ ಪದಕ ಅದೊಂದೇ.

ಆ ಶುಕ್ರವಾರದ ಮೇಲೆ ಆ ಬಿಳಿ ಬಟ್ಟೆಯವರು ಗೋದಾಮಿನಲ್ಲೇ ಉಳಿಯಲಿಲ್ಲ.

ಜಿಮ್‌ನ ಗಾಜಿನಾಚೆ, ಕೆರೆಯ ಅಂಚಿನ ಕಟ್ಟೆಯಲ್ಲಿ ಸಾಲಾಗಿ ಕಂಡರು. ಹೊರಗೆ ಬೇಸಿಗೆಯ ಬಿಸಿಲು. ನಿಂತರೆ ಚಪ್ಪಲಿ ಅಂಟುವಂಥದ್ದು. ಅವರಿಗೆ ಬೆವರಿರಲಿಲ್ಲ. ಅಲ್ ಬರ್ಷಾದ ಮಾಲ್‌ನಲ್ಲಿ ಎಸ್ಕಲೇಟರ್‌ನ ಪಕ್ಕದ ಖಾಲಿ ಗೋಡೆಯ ಮೇಲೆ ಕೂತಿದ್ದರು. ಮೆಟ್ರೋದಲ್ಲಿ ಕಿಟಕಿಯಾಚೆ, ಅಷ್ಟು ಎತ್ತರದಲ್ಲಿ, ಏನೂ ಇಲ್ಲದ ಕಡೆ ಕೂತು ನಮ್ಮ ಜೊತೆಗೇ ಬಂದರು. ಯಾವಾಗಲೂ ಎಡಕ್ಕೆ. ಯಾವಾಗಲೂ ಹಾಡಹಗಲು. ಶಬ್ದವಿಲ್ಲ. ಮುಖಗಳು ವಿಚಿತ್ರ ಸ್ಪಷ್ಟ. ಎದುರಿಗೆ ನಿಂತ ಮನುಷ್ಯರಿಗಿಂತ ಸ್ಪಷ್ಟ. ಬಟ್ಟೆಯ ನೇಯ್ಗೆ ಕಾಣುತ್ತಿತ್ತು. ಮೊದಲ ಸಾಲಿನ ಕೊನೆಯಲ್ಲಿ ಒಬ್ಬಳು ಹೆಂಗಸು. ಅವಳ ಮಡಿಲಲ್ಲಿ ಮಡಚಿಟ್ಟ ಒಂದು ಟವೆಲ್. ನಾನು ಸೋತು ರಿಂಗಿನಿಂದ ಇಳಿದಾಗ ಕೊಡಲು ಕಾಯುತ್ತಿರುವವಳ ಹಾಗೆ.

ಅವರಲ್ಲಿ ಯಾರೂ ನನ್ನ ಪರಿಚಯದವರಲ್ಲ. ನಮ್ಮ ಕುಟುಂಬದ ಸತ್ತವರೂ ಅಲ್ಲ. ಹಾಗೆ ಆಗಿದ್ದರೆ ಒಂದು ಅರ್ಥವಿರುತ್ತಿತ್ತು. ಪೂರಾ ಅಪರಿಚಿತರು. ಅವರು ನನ್ನನ್ನು ನೋಡುತ್ತಲೂ ಇರಲಿಲ್ಲ. ನನ್ನ ಹೆಗಲಾಚೆ ಏನನ್ನೋ ನೋಡುತ್ತಿದ್ದರು. ಎಷ್ಟೋ ಸಲ ನಾನೂ ತಿರುಗಿ ನೋಡಿದ್ದೇನೆ, ನನ್ನ ಹಿಂದೆ ಏನು ನಡೆಯುತ್ತಿದೆ ಎಂದು.

ಹುಚ್ಚು ಹೀಗೆ ಬರುತ್ತದೆ ಎಂದುಕೊಂಡೆ. ಶಿಸ್ತಾಗಿ, ಸಾಲುಸಾಲಾಗಿ.

ಯಾರಿಗೂ ಹೇಳಲಿಲ್ಲ. ವ್ಯಾಯಾಮ ಜಾಸ್ತಿ ಮಾಡಿದೆ. ಶೀರ್ಷಾಸನದ ಹೊತ್ತು ಹೆಚ್ಚಿಸಿದೆ. ತಲೆಗೆ ರಕ್ತ ಹರಿದರೆ ಬುದ್ಧಿ ಸ್ವಚ್ಛವಾಗುತ್ತದೆ ಎಂದು ಗುರುಗಳು ಹೇಳುತ್ತಿದ್ದರು. ತಲೆಕೆಳಗಾಗಿ ನಿಂತಾಗಲೂ ಅವರು ಕಂಡರು. ತಲೆಕೆಳಗಾಗಿರಲಿಲ್ಲ. ನೆಟ್ಟಗೇ ಕೂತಿದ್ದರು.

ರಫೀಕ ಸುರತ್ಕಲ್ ಕಡೆಯ ಬ್ಯಾರಿ. ಕಾರ್ಗೋ ಕಚೇರಿಯಲ್ಲಿ ಕೆಲಸ, ಎರಡು ಮಕ್ಕಳ ತಂದೆ. ಎಷ್ಟೋ ವರ್ಷಗಳಿಂದ ನನ್ನ ಜೊತೆಗಾರ. ಒಂದು ದಿನ ಪಂದ್ಯದ ಮುಂಚಿನ ಅಭ್ಯಾಸದಲ್ಲಿ ಅವನನ್ನು ಹೆಗಲಿಗೆ ಹೊತ್ತು ತಿರುಗಿಸುತ್ತಿದ್ದೆ. ಹೊತ್ತಾಗ ಅವನ ತಲೆ ನನ್ನ ಎಡಕ್ಕೆ. ರಿಂಗಿನ ಮೂಲೆಯ ಕಬ್ಬಿಣದ ಕಂಬ ಎಲ್ಲಿದೆ ಎಂದು ನೋಡಿಕೊಂಡೇ ಪ್ರತಿ ಸುತ್ತು. ನೋಡಿದೆ. ಕಂಬ ಇರಲಿಲ್ಲ. ಆ ಜಾಗದಲ್ಲಿ ಎರಡನೆಯ ಸಾಲಿನ ಮುದುಕನೊಬ್ಬ ಕೂತಿದ್ದ. ದಾರಿ ಸಲೀಸು ಎಂದು ತಿರುಗಿದೆ.

"ಅಣ್ಣಾ!"

ನಿಂತೆ. ಅವನನ್ನು ಇಳಿಸಿದೆ. ರಫೀಕನ ಕಿವಿಯ ತುದಿ ಹರಿದು ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಕಂಬಕ್ಕೂ ಅವನ ತಲೆಬುರುಡೆಗೂ ನಡುವೆ ಒಂದು ಕಿವಿಯಷ್ಟೇ ಅಂತರವಿತ್ತು.

"ಎಂತ ಅಣ್ಣ, ನಂಗೆ ಓಲೆ ಹಾಕ್ಲಿಕ್ಕೆ ತೂತು ಮಾಡಿದ್ದಾ?" ಎಂದು ನಕ್ಕ. ಟವೆಲ್ ಒತ್ತಿಕೊಂಡು ಮತ್ತೆ ನನ್ನ ಮುಖ ನೋಡಿದ. ನಗು ನಿಂತಿತು. "ನಿಮ್ಗೆ ಕಂಬ ಕಾಣ್ಲಿಲ್ವಾ?"

"ಇಲ್ಲ" ಎಂದೆ.

ಮನೆಗೆ ಬಂದು ಹೆಂಡತಿಗೆ ಅಷ್ಟನ್ನು ಮಾತ್ರ ಹೇಳಿದೆ. ಜನ ಕಾಣುವ ವಿಷಯ ಹೇಳಲಿಲ್ಲ. ನಾವಿರುವುದು ಇಂಟರ್‌ನ್ಯಾಷನಲ್ ಸಿಟಿಯ ಒಂದು ಬೆಡ್‌ರೂಮಿನ ಮನೆಯಲ್ಲಿ. ಸುಗಂಧಿ ಕಿಂಡರ್‌ಗಾರ್ಟನ್ ಟೀಚರ್. ಅವಳಿಗೆ ದೊಡ್ಡವರೂ ಮಕ್ಕಳೂ ಒಂದೇ.

"ಈಗ ಹೇಳಿದ್ರಾ? ನಾನು ಹೇಳಿ ಹೇಳಿ ಸಾಕಾಗಿದೆ. ಎಡದ ಬದಿ ಇಟ್ಟ ನೀರಿನ ಲೋಟ ಎಷ್ಟು ಸಲ ಉರುಳಿಸಿದ್ರಿ? ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿ ತಾಗಿ ಪೇಂಟೇ ಹೋಗಿದೆ. ಕೇಳಿದ್ರೆ, 'ಪೈಲ್ವಾನರ ಮೈ ಅಗಲ ಇರ್ತದೆ' ಅಂತ ಜಂಬ ಬೇರೆ!"

ಕುರ್ಚಿಯಲ್ಲಿ ಕೂರಿಸಿ ಬಲಗಣ್ಣು ಮುಚ್ಚಿಸಿದಳು. ಎಡಕ್ಕೆ ನಿಂತು ಚಮಚ ಹಿಡಿದು ಅಲ್ಲಾಡಿಸಿದಳು. ಕಂಡಾಗ ಹೇಳಿ ಎಂದಳು. ನಾನು ಕಾದೆ. ಆಮೇಲೆ ಚಮಚ ನನ್ನ ಮೂಗಿಗೆ ತಾಗಿತು.

ಅವಳು ಚಮಚ ಕೆಳಗಿಟ್ಟಳು. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದಳು.

ಕಣ್ಣಿನ ಡಾಕ್ಟರ್ ಹುಬ್ಬಳ್ಳಿ ಕಡೆಯ ಹೆಂಗಸು. ಮೊದಲು ಕಣ್ಣಿನ ಪ್ರೆಶರ್ ನೋಡಿದರು. ಎರಡನೇ ಸಲ ನೋಡಿದರು. ಆಮೇಲೆ ಫೀಲ್ಡ್ ಟೆಸ್ಟ್‌ಗೆ ಕಳಿಸಿದರು. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ಚುಕ್ಕಿಯನ್ನೇ ನೋಡುತ್ತ, ಅಲ್ಲಲ್ಲಿ ಬೆಳಕಿನ ಕಣ ಮಿನುಗಿದಾಗ ಗುಂಡಿ ಒತ್ತಬೇಕು. ಶಿಸ್ತಿನ ಕೆಲಸ. ನನಗೆ ಹಿಡಿಸಿತು. ಒಂದು ಕಣ ಮಿನುಗಿತು, ಒತ್ತಿದೆ. ಇನ್ನೊಂದು, ಒತ್ತಿದೆ. ಆಮೇಲೆ ಬೋಗುಣಿಯ ಎಡಗೋಡೆಯಲ್ಲಿ, ಬೆರಳುಗಾತ್ರವಾಗಿ, ಅವರು ಬಂದು ಕೂತರು. ಸಾಲು ತುಂಬುತ್ತ ಹೋಯಿತು. ಒಬ್ಬೊಬ್ಬರು ಕೂತಾಗಲೂ ನಾನು ಗುಂಡಿ ಒತ್ತಿದೆ.

"ಸರ್, ಲೈಟ್ ಇಲ್ಲದಾಗಲೂ ಒತ್ತುತ್ತಿದ್ದೀರಿ" ಎಂದು ಫಿಲಿಪೀನೋ ಟೆಕ್ನೀಷಿಯನ್ ಇಂಗ್ಲಿಷ್‌ನಲ್ಲಿ ಮೆಲ್ಲನೆ ಹೇಳಿದಳು.

ಮತ್ತೆ ಮಾಡಿಸಿದಳು. ಕಾಗದ ಹೊರಗೆ ಬಂತು. ಎಡಗಣ್ಣಿನ ಚಿತ್ರ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಬಲಗಣ್ಣಿನದರಲ್ಲಿ ಮೂಗಿನ ಕಡೆಯ ಭಾಗ ಕಪ್ಪು.

ಗ್ಲಾಕೋಮಾ.

"ನೋಡ್ರಿ," ಡಾಕ್ಟರ್ ಕಾಗದವನ್ನು ನನ್ನ ಬಲಕ್ಕೆ ಸರಿಸಿ ತೋರಿಸಿದರು. "ಕಣ್ಣಿನ ನರ ಒಣಗೇದ. ನೋವಿಲ್ಲ, ಸದ್ದಿಲ್ಲ, ಅದಕ್ಕ ಗೊತ್ತಾಗೂದಿಲ್ಲ. ಎಡಗಣ್ಣಿಗೆ ಯಾವಾಗಾದರೂ ಜೋರ ಪೆಟ್ಟು ಬಿದ್ದಿತ್ತೇನ್ರಿ?"

ಯಾವ ಪೆಟ್ಟೆಂದು ಹೇಳಲಿ? ಕಡಲ್ಗಳ್ಳನಿಗೆ ಬಿದ್ದ ಮೊಣಕೈಯೇ, ಬೆಟ್ಟದ ದೊರೆಗೆ ಬಿದ್ದ ಕುರ್ಚಿಯೇ?

"ದಿನಾ ಏನ ವ್ಯಾಯಾಮ ಮಾಡ್ತೀರಿ?"

ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಶೀರ್ಷಾಸನ ಎಂದಾಗ ಅವರ ಪೆನ್ನು ನಿಂತಿತು.

"ಅದ ಇವತ್ತಿಗೆ ಬಂದ್. ತಲಿ ಕೆಳಗ ಮಾಡಿದಾಗ ಕಣ್ಣಿನ ಪ್ರೆಶರ್ ಏರತದ್ರಿ. ಅದರಿಂದನ ಹಿಂಗಾತು ಅಂತ ನಾ ಹೇಳೂದಿಲ್ಲ. ಆದರ ಇನ್ನ ಮುಂದ ಒಂದ ದಿನಾನೂ ಮಾಡಬ್ಯಾಡ್ರಿ. ಹೋದದ್ದು ಬರೂದಿಲ್ಲ. ಇದ್ದದ್ದು ಉಳಿಸ್ಕೊಳ್ಳೂಣ."

ಸುಗಂಧಿ ನನ್ನ ಮೊಣಕೈ ಹಿಡಿದಳು. ನನ್ನ ಜೀವನವನ್ನು ನೆಟ್ಟಗೆ ನಿಲ್ಲಿಸಿದ್ದು ಆ ಆಸನ ಎಂದು ನಂಬಿದ್ದೆ. ದಿನವೂ, ತಪ್ಪದೆ, ನನ್ನ ಕಣ್ಣಿನ ಮೇಲೆ ನಾನೇ ನಿಂತಿದ್ದೆ.

ಎದ್ದು ಹೊರಡುವಾಗ ಡಾಕ್ಟರ್ ಕಂಪ್ಯೂಟರ್ ಕಡೆ ನೋಡುತ್ತಲೇ ಕೇಳಿದರು: "ಇನ್ನೊಂದು ಕೇಳ್ಲೇನ್ರಿ? ಎದುರಿಗೆ ಇಲ್ಲದವ್ರು ಯಾರಾದರೂ ಕಾಣಸ್ತಾರೇನು? ಮಂದಿ, ಮಕ್ಕಳು, ಏನರೆ?"



"ಕಾಣ್ತಾರೆ" ಎಂದೆ.

ಸುಗಂಧಿಯ ಕೈ ನನ್ನ ಮೊಣಕೈಯಿಂದ ಜಾರಿತು.

"ಹೆದರಬ್ಯಾಡ್ರಿ. ಹುಚ್ಚಲ್ಲ ಇದು. ಅದಕ್ಕೊಂದು ಹೆಸರೂ ಅದ." ಡಾಕ್ಟರ್ ಈಗ ನಮ್ಮಿಬ್ಬರನ್ನೂ ನೋಡಿ ಹೇಳಿದರು. "ಕಣ್ಣಿನಿಂದ ಸುದ್ದಿ ಬರದ ಜಾಗಾ ಇರತದಲ್ಲ, ಅದನ್ನ ಮೆದುಳು ಖಾಲಿ ಬಿಡೂದಿಲ್ರಿ. ತಾನ ಏನರೆ ತಂದು ತುಂಬತದ. ಭಾಳ ಮಂದಿಗೆ ಹಿಂಗ ಆಗತದ. ಹುಚ್ಚ ಅಂತಾರಂತ ಹೆದರಿ ಯಾರೂ ಬಾಯಿ ಬಿಡೂದಿಲ್ಲ. ಅವರು ಕಂಡಾಗ ಕಣ್ಣ ಎಡಕ್ಕ ಬಲಕ್ಕ ಸರಸರ ಹೊಳ್ಳಸ್ರಿ. ಹೋಗತಾರ."

ನನಗೆ ನಮ್ಮ ಫ್ಲೋರ್ ಮ್ಯಾನೇಜರ್ ನೆನಪಾದ. ಖಾಲಿ ಕುರ್ಚಿ ಕಂಡಲ್ಲಿಗೆ ಓಡುತ್ತಿದ್ದವನು. ನನ್ನ ತಲೆಯೊಳಗೂ ಅಂಥವನೊಬ್ಬ ಇಷ್ಟು ದಿನ ಓಡಾಡುತ್ತಿದ್ದ. ಆದರೆ ಆ ಬಸ್ಸು ಯಾವ ಕ್ಯಾಂಪಿನಿಂದ ಬರುತ್ತಿದೆ ಎಂಬುದನ್ನು ಡಾಕ್ಟರ್ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಟ್ಯಾಕ್ಸಿಯಲ್ಲಿ ಸುಗಂಧಿ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ, "ಈಗ ಇದ್ದಾರಾ?" ಎಂದಳು.

"ಇದ್ದಾರೆ."

"ಎಲ್ಲಿ?"

"ನಿನ್ನಾಚೆ."

ಅವಳು ತನ್ನ ಎಡಗಡೆಯ ಗಾಜನ್ನು ನೋಡಿದಳು. ಸೀರೆಯ ಸೆರಗು ಎಳೆದುಕೊಂಡು ನನ್ನ ಕಡೆ ಸರಿದು ಕೂತಳು. "ಮನೆಯೊಳಗೆ ಬಂದ್ರೆ ಚಪ್ಪಲಿ ಹೊರಗೆ ಬಿಡ್ಲಿಕ್ಕೆ ಹೇಳಿ ಮತ್ತೆ" ಎಂದಳು.  ನನಗೆ ನಗು ಬಂತು. ಆ ದಿನ ಮೊದಲ ಸಲ.

ಬಲಗಣ್ಣನ್ನು ಉಳಿಸಲು ಸರ್ಜರಿ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಉಸಿರು ಬಿಗಿಹಿಡಿಯಬಾರದು. ಕುಸ್ತಿಯಲ್ಲಿ ಈ ಮೂರು ಬಿಟ್ಟರೆ ಉಳಿಯುವುದೇನು? ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಲಿಲ್ಲ. ಎದ್ದು, ತಲೆ ಊರುತ್ತಿದ್ದ ಜಾಗದಲ್ಲಿ ಚಾಪೆ ಹಾಸಿ, ಅದರ ಮೇಲೆ ಸುಮ್ಮನೆ ಕೂರುತ್ತಿದ್ದೆ. ಸುಗಂಧಿ ಡ್ರಾಪ್ಸ್ ಹಾಕುತ್ತಿದ್ದಳು. ಹಾಕಿದ ಮೇಲೆ ಕಣ್ಣಿನ ಮೂಲೆಯನ್ನು ಬೆರಳಿಂದ ಒತ್ತಿ ಹಿಡಿಯಬೇಕು. 

ಎಲಿ ಫೋನ್ ಮಾಡಿದ. ಅಬುಧಾಬಿಯ ಸಭಾಂಗಣವೊಂದರಲ್ಲಿ ದೊಡ್ಡ ಶೋ. ಹರ್ಜೀತ್ ಎಂಬ ಹೊಸಬನನ್ನು ಇಳಿಸುತ್ತಿದ್ದಾನೆ. ಬೆಟ್ಟದಂಥ ಪಂಜಾಬಿ, ಬೀಳಲು ಬರುವುದಿಲ್ಲ. ಡಾಕ್ಟರ್ ಹೇಳಿದಷ್ಟು ದಿನ ನನಗಾಗಿ ಕಾಯಲು ಎಲಿ ಒಪ್ಪಿದ್ದ. "ಒಂದೇ ಪಂದ್ಯ, ಮಾಸ್ಟರ್. ನೀನು ಕಣ್ಣು ಮುಚ್ಚಿ ಮಾಡ್ತೀಯ. ಆಮೇಲೆ ಖಲಾಸ್, ಹೂವಿನ ಹಾರ ಹಾಕಿ ಕಳಿಸ್ತೇನೆ."

ಮಾಡಬಹುದು ಅನಿಸಿತು. ಈ ಕಸುಬು ಇರುವುದು ಅಂಗೈಯಲ್ಲಿ, ಕಣ್ಣಿನಲ್ಲಲ್ಲ ಎಂದು ನಾನೇ ಎಷ್ಟು ಜನರಿಗೆ ಹೇಳಿದ್ದೇನೆ! ಸೋಲುವವನಿಗೂ ಒಂದು ಕೊನೆಯ ಸೋಲು ಬೇಕು. ರಫೀಕನನ್ನು ಮನೆಗೆ ಕರೆದೆ. ಸೋಫಾವನ್ನು ಗೋಡೆಗೆ ಸರಿಸಿದೆವು. ಸುಗಂಧಿ ಅಡುಗೆಮನೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತಳು.

"ನೀನು ನನ್ನ ಸುತ್ತ ನಡಿ" ಎಂದೆ ರಫೀಕನಿಗೆ. "ಸದ್ದು ಮಾಡ್ಬೇಡ. ಬೇಕಾದಲ್ಲಿ ನಿಲ್ಲು. ನೀನೆಲ್ಲಿ ಅಂತ ನಾನು ಹೇಳ್ತೇನೆ."

ಬಲಕ್ಕೆ ನಿಂತಾಗ ಹೇಳಿದೆ. ಎದುರು ನಿಂತಾಗ ಹೇಳಿದೆ. ಆಮೇಲೆ ಅವನು ಮಾಯವಾದ. ಎಡಕ್ಕೆ ಹೋದನೆಂದು ಗೊತ್ತಾಯಿತು. ಅಲ್ಲಿಗೆ ಮುಖ ತಿರುಗಿಸದೆ ಗಮನ ಕೊಟ್ಟೆ. ಕಂಡ. ಮೊಣಕಾಲು, ಸೊಂಟ, ಎದೆಯ ಹತ್ತಿರ ಕೈಗಳು. ಸ್ಪಷ್ಟ.

"ಇಲ್ಲಿದ್ದಿ" ಎಂದು ಕೈ ಚಾಚಿದೆ. "ಟವೆಲ್ ಯಾಕೆ ಹಿಡ್ಕೊಂಡಿದ್ದಿ?"



"ಅಣ್ಣಾ," ರಫೀಕನ ಧ್ವನಿ ಬೆನ್ನ ಹಿಂದಿನಿಂದ ಬಂತು. "ನಾನು ಇಲ್ಲಿದ್ದೇನೆ."

ನನ್ನ ಕೈ ಗಾಳಿಯಲ್ಲಿತ್ತು. ಅದು ಟವೆಲ್ ಹಿಡಿದ ಆ ಹೆಂಗಸಿನ ಕುತ್ತಿಗೆಯ ಅಡಿಗೆ ಹೋಗಿತ್ತು. ಅಭ್ಯಾಸಬಲ. ನೆಟ್ಟಗೆ, ಅಂಗೈ ಮೇಲಾಗಿ, ಇಲ್ಲದವಳ ಕುತ್ತಿಗೆಯನ್ನು ಕಾಯುತ್ತಿತ್ತು. ಇದ್ದವನ ಕುತ್ತಿಗೆ ಎಲ್ಲಿದೆಯೆಂದು ಅದಕ್ಕೆ ಗೊತ್ತಿರಲಿಲ್ಲ.

ಅವತ್ತೇ ಎಲಿಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. ಹಾರವೂ ಬೇಡ ಎಂದೆ. ಹರ್ಜೀತನ ಎದುರು ರಫೀಕ ಇಳಿಯುತ್ತಾನೆ, ನಾನು ಹೇಳಿಕೊಡುತ್ತೇನೆ ಎಂದೆ. ಆ ಕಡೆ ಎಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ.

ರಫೀಕ ಒಪ್ಪಲಿಲ್ಲ. "ನಾನು ಯಾವಾಗ್ಲೂ ನಿಮ್ಮ ಹೆಗಲಿಂದ ಬೀಳುವವ ಅಣ್ಣ. ಬೀಳಿಸುವವ ಅಲ್ಲ. ಅವ ಎಮ್ಮೆ ಹಾಗೆ ಉಂಟು. ಕುತ್ತಿಗೆ ಗಿತ್ತಿಗೆ ಮುರಿದ್ರೆ ನಾನೆಂತ ಮಾಡುದು?"

"ಅದಕ್ಕೇ ನಿನ್ನತ್ರ ಹೇಳುದು. ಹೆದರದವನ ಕೈಗೆ ಕುತ್ತಿಗೆ ಕೊಡ್ಬಾರ್ದು."

ಅವನು ಕಿವಿ ಮುಟ್ಟಿಕೊಂಡ. ಹರಿದದ್ದು ಕೂಡಿತ್ತು, ಆದರೆ ತುದಿಯಲ್ಲಿ ಸಣ್ಣ ಸೀಳು ಉಳಿದುಬಿಟ್ಟಿತ್ತು. "ಆಯ್ತು ಮಾರಾಯ್ರೆ" ಎಂದ.

ಸಂಜೆಗಳಲ್ಲಿ ಅದೇ ಕೋಣೆಯಲ್ಲಿ ಕಲಿಸಿದೆ. ಒಂದು ದಿಂಬಿಗೆ ಸೀರೆ ಸುತ್ತಿ ತಲೆ ಮಾಡಿದೆವು. ನಾನು ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಕೂತು ಬಾಯಲ್ಲಿ ಹೇಳುವುದು ಮಾತ್ರ. ಅವನ ಅಂಗೈ ಸರಿಯಾದ ಜಾಗಕ್ಕೆ ಹೋಯಿತೇ ಎಂದು ಮುಟ್ಟಿ ನೋಡುತ್ತಿದ್ದೆ. ಆ ಬಿಳಿ ಬಟ್ಟೆಯವರೂ ಬಂದು ಗೋಡೆಗುಂಟ ಕೂರುತ್ತಿದ್ದರು. ಡಾಕ್ಟರ್ ಹೇಳಿದಂತೆ ಕಣ್ಣನ್ನು ಎಡಬಲ ಹೊರಳಿಸಿದರೆ ಒಬ್ಬೊಬ್ಬರೇ ಅಳಿಸಿ ಹೋಗುತ್ತಿದ್ದರು. ಯಾವಾಗಲೂ ಅದೇ ಕ್ರಮದಲ್ಲಿ. ಹಿಂದಿನ ಸಾಲು ಮೊದಲು. ಕೊನೆಗೆ ಹೋಗುವವಳು ಸಾಲಿನ ತುದಿಯ ಆ ಟವೆಲಿನವಳು. ಅವಳು ಹೋದ ಮೇಲೆ ಗೋಡೆ ತೀರಾ ಬರಿದಾಗಿ ಕಾಣುತ್ತಿತ್ತು. ಸುಗಂಧಿಗೆ ಇದನ್ನೆಲ್ಲ ಹೇಳಿದ್ದೆ.

ಶೋ ದಿನ ಸುಗಂಧಿಯೂ ಬಂದಳು. ಅಬುಧಾಬಿಯ ಹೆದ್ದಾರಿಯ ಎರಡೂ ಪಕ್ಕ ಮಧ್ಯಾಹ್ನದ ಮರಳು ಬೆಳ್ಳಗೆ ಉರಿಯುತ್ತಿತ್ತು. ಎಡಗಡೆಯ ಮರಳಿನಲ್ಲಿ ದಿಗಂತದವರೆಗೆ ಅವರು ಕೂತಿದ್ದರು. ಅಷ್ಟು ಜನರನ್ನು ಒಟ್ಟಿಗೆ ಹಿಂದೆಂದೂ ಕಂಡಿರಲಿಲ್ಲ. ನಾನು ಹೇಳಲಿಲ್ಲ. ಸುಗಂಧಿ ನನ್ನ ಎಡಗೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಸಭಾಂಗಣದಲ್ಲಿ ಎಲಿ ನಮಗೆ ಗಣ್ಯರ ಸಾಲಿನಲ್ಲಿ ಜಾಗ ಇಟ್ಟಿದ್ದ. ಸುಗಂಧಿಯನ್ನು ಅಲ್ಲಿ ಕೂರಿಸಿದೆ. ಇಲ್ಲೂ ಒಂದು ಬದಿ ಕಪ್ಪು ಬಟ್ಟೆಯ ಮುಂದೆ ಖಾಲಿ ಇತ್ತು. ಕುರ್ಚಿಗಳನ್ನು ಹಾಕಿದ್ದರು, ಜನರಿರಲಿಲ್ಲ.

"ನಾನು ಅಲ್ಲಿ ಕೂರ್ತೇನೆ" ಎಂದೆ.

"ಅಲ್ಲಿಂದ ಎಂತ ಕಾಣ್ತದೆ ನಿಮ್ಗೆ?" ಎಂದಳು ಸುಗಂಧಿ. ಆಮೇಲೆ ನನ್ನ ಮುಖ ನೋಡಿ, "ಹೋಗಿ. ಮೆಟ್ಟಿಲು ನೋಡ್ಕೊಂಡು" ಎಂದಳು.

ಹೋಗಿ ಮೊದಲ ಸಾಲಿನಲ್ಲಿ ಕೂತೆ. ಅವರು ಆಗಲೇ ಬಂದಿದ್ದರು. ಎಷ್ಟೋ ವರ್ಷ ಆ ಬದಿಯ ಎದುರಿಗೆ ಕೆಲಸ ಮಾಡಿದ್ದೆ. ಆ ಬದಿಯಿಂದ ರಿಂಗನ್ನು ಒಮ್ಮೆಯೂ ನೋಡಿರಲಿಲ್ಲ.

ಪಂದ್ಯ ಶುರುವಾಯಿತು. ಹರ್ಜೀತ್ ಗರ್ಜಿಸಿದ. ಜನ ಕೂಗಿದರು. ಸ್ವಲ್ಪ ಹೊತ್ತಿನ ಮೇಲೆ ರಫೀಕ ಅವನ ಸೊಂಟ ಹಿಡಿದು ಮೇಲೆತ್ತಿದ.  ಕ್ಯಾಮೆರಾದ ಕಡೆಯವರಿಗೆ ಕಂಡದ್ದು ಸಿಟ್ಟಿನ ಮುಖ, ತಲೆಕೆಳಗಾಗಿ ಬೀಳುತ್ತಿರುವ ದೈತ್ಯ, ಹಲಗೆ ಸೀಳಿದಂಥ ಸದ್ದು. ಸುಗಂಧಿ ಬಾಯಿ ಮುಚ್ಚಿಕೊಂಡಳಂತೆ.

ನಮ್ಮ ಕಡೆಯಿಂದ ಕಂಡದ್ದು ಬೇರೆ. ರಫೀಕನ ಎಡ ಅಂಗೈ ಹರ್ಜೀತನ ಕುತ್ತಿಗೆಯ ಅಡಿಗೆ ಜಾರಿ ಬಂತು. ತಡವಾಗಲಿಲ್ಲ. ಬೆರಳು ಬಿಡಿಸಿ, ತಲೆಯ ಭಾರವನ್ನೆಲ್ಲ ತನ್ನ ಮುಂಗೈಗೆ ತೆಗೆದುಕೊಂಡು, ಎಳೆಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿತು. ರಫೀಕನ ತುಟಿ ಅಲುಗಿತು. ಹರ್ಜೀತ್ ಕಣ್ಣು ಮಿಟುಕಿಸಿದ, ಸರಿಯಿದ್ದೇನೆ ಎಂದು. ನಾನು ಹಿಡಿದಿದ್ದ ಉಸಿರು ಬಿಟ್ಟೆ. ಹಿಡಿಯಬಾರದೆಂದು ಡಾಕ್ಟರ್ ಹೇಳಿದ್ದರು.

ಆ ಬದಿಯಲ್ಲಿ ಕೂತವರಿಗೆ ಇಷ್ಟು ವರ್ಷ ಕಂಡದ್ದು ಇದು. ನನ್ನ ಸೋಲಲ್ಲ. ನನ್ನ ಅಂಗೈ.

ನಾನು ಚಪ್ಪಾಳೆ ತಟ್ಟಿದೆ. ಕತ್ತಲೆ ಬದಿಯಿಂದ ಬಂದ ಸದ್ದಿಗೆ ರಫೀಕ ಒಂದು ಕ್ಷಣ ಬೆಚ್ಚಿ ತಿರುಗಿದ. ಪಕ್ಕದಲ್ಲಿದ್ದವರು ತಟ್ಟಲಿಲ್ಲ. ಅವರ ಕೈ ತೊಡೆಯ ಮೇಲೇ ಇತ್ತು. ಆದರೆ ಅವತ್ತು ಮೊದಲ ಸಲ ಅವರ ನೋಟ ನನ್ನ ಹೆಗಲಾಚೆ ಇರಲಿಲ್ಲ. ನಾನು ನೋಡುತ್ತಿದ್ದಲ್ಲಿಗೇ ನೋಡುತ್ತಿದ್ದರು. ನನ್ನ ಕಣ್ಣು ತಿರುಗಿದಂತೆ ಅವರೂ ತಿರುಗುತ್ತಾರೆ ಎಂದು ಡಾಕ್ಟರ್ ವಿವರಿಸಬಹುದು. ಇರಬಹುದು. ನಾನು ಕಣ್ಣು ಹೊರಳಿಸಲಿಲ್ಲ.

ಈಗ ಪ್ರೆಶರ್ ಹಿಡಿತದಲ್ಲಿದೆ. ಬಲಗಣ್ಣಿನಲ್ಲಿ ಉಳಿದದ್ದು ಉಳಿದಿದೆ. ಜಿಮ್‌ನವರು ಭಾರ ಎತ್ತದ ಕೆಲಸ ಕೊಟ್ಟಿದ್ದಾರೆ; ಬಂದವರಿಗೆ ಉಸಿರಾಟ ಹೇಳಿಕೊಡುತ್ತೇನೆ. ಬಿಳಿ ಬಟ್ಟೆಯವರು ಬರುವುದು ಕಡಿಮೆಯಾಗಿದೆ. ಕೆಲವು ದಿನ ಸಾಲಿಗೆ ಇಬ್ಬರೋ ಮೂವರೋ.

ಆ ಶೋ ಟಿವಿಯಲ್ಲಿ ಬಂದಾಗ ರಫೀಕ ಹೆಂಡತಿ ಮಕ್ಕಳೊಂದಿಗೆ ನಮ್ಮಲ್ಲಿಗೆ ಬಂದಿದ್ದ. ಸುಗಂಧಿ ನೀರುದೋಸೆ ಮಾಡಿದ್ದಳು. ಕ್ಯಾಮೆರಾದವನು ಒಮ್ಮೆ ತಪ್ಪಿ ಕತ್ತಲೆ ಬದಿಗೆ ತಿರುಗಿಸಿದ್ದ. ಒಂದು ಕ್ಷಣ, ಖಾಲಿ ಕುರ್ಚಿಗಳ ಸಾಲಿನಲ್ಲಿ ನಾನೊಬ್ಬನೇ ಕೂತದ್ದು ಕಂಡಿತು.

"ಅಣ್ಣ, ಅಷ್ಟು ಕುರ್ಚಿ ಖಾಲಿ ಉಂಟು," ರಫೀಕ ಕೇಳಿದ, "ಕೊನೇದು ಒಂದು ಬಿಟ್ಟು ಇತ್ಲಾಗೆ ಯಾಕೆ ಕೂತದ್ದು?"

 ಸುಗಂಧಿ ಡ್ರಾಪ್ಸ್ ಬಾಟಲಿ ಹಿಡಿದು ಬಂದು ನನ್ನ ಗಲ್ಲ ಎತ್ತಿದಳು.

"ಅದು ಆ ಟವೆಲಿನವರ ಜಾಗ," ಎಂದಳು ರಫೀಕನಿಗೆ. "ಅಲುಗಬೇಡಿ," ಎಂದಳು ನನಗೆ.

ತಣ್ಣನೆಯ ಹನಿ ಬಿತ್ತು. ಕಣ್ಣು ಮುಚ್ಚಿದೆ. ಅವಳ ಬೆರಳು ಮೂಲೆಯನ್ನು ಒತ್ತಿ ಹಿಡಿಯಿತು. ಇನ್ನೊಂದು ಅಂಗೈ, ಕೇಳದೆಯೇ, ನನ್ನ ಕುತ್ತಿಗೆಯ ಅಡಿಗೆ ಬಂದಿತ್ತು.